ಬುಕ್ ಆಗಿದೆ, ಆದ್ರೆ ಬರುತ್ತಾ? ಪಲ್ಲಕ್ಕಿಯಿಂದ ಕ್ಯಾಬ್‌ವರೆಗೆ ಪುಣೆಯ ಕಥೆ

ಇವತ್ತಿನ ಇತಿಹಾಸದ ಮಾತು ಶುರುವಾಗೋದು ಬೆಳಗಿನ ಜಾವ ಮೂರೂವರೆಗೆ, ಪುಣೆಯ ವಿಮಾನ ನಗರದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಗೇಟ್ ಮುಂದೆ.

ಹೋದ ವರ್ಷ ಅಪ್ಪನಿಗೆ ಬೆಂಗಳೂರಿನಲ್ಲಿ ಬೈಪಾಸ್ ಆಪರೇಷನ್ ಇತ್ತು. ಹಿಂದಿನ ರಾತ್ರಿ ತಂಗಿ ಫೋನ್ ಮಾಡಿ, "ಅಣ್ಣ, ಒಂಬತ್ತಕ್ಕೆ ಒಳಗೆ ಕರ್ಕೊಂಡು ಹೋಗ್ತಾರಂತೆ. ಅಷ್ಟರೊಳಗೆ ಬಾ, ಅಪ್ಪ ನಿನ್ನನ್ನೇ ಕೇಳ್ತಿದ್ದಾರೆ" ಅಂದಳು. ಐದೂವರೆ ಫ್ಲೈಟಿಗೆ ಟಿಕೆಟ್ ಮಾಡಿದೆ. ರಾತ್ರಿಯೇ ಆ್ಯಪ್‌ನಲ್ಲಿ ಮೂರೂವರೆಗೆ ಕ್ಯಾಬ್ ಕೂಡ ಬುಕ್ ಮಾಡಿದೆ. 'ಕನ್ಫರ್ಮ್' ಅಂತ ಹಸಿರು ಬಣ್ಣದಲ್ಲಿ ಬಂತು, ನಿಶ್ಚಿಂತೆಯಿಂದ ಮಲಗಿದೆ.

ಮೂರೂವರೆಗೆ ಡ್ರೈವರ್ ಫೋನ್ ಮಾಡಿದ. "ಕಿಧರ್ ಜಾನಾ ಹೈ?" "ಏರ್‌ಪೋರ್ಟ್." ಕಟ್. ರೈಡ್ ಕ್ಯಾನ್ಸಲ್. ಎರಡನೆಯವನೂ ಹಾಗೇ. ಮೂರನೆಯವನು ಕ್ಯಾನ್ಸಲ್ ಕೂಡ ಮಾಡಲಿಲ್ಲ; ಮ್ಯಾಪ್‌ನಲ್ಲಿ ಅವನ ಕಾರು ಹತ್ತು ನಿಮಿಷ ಒಂದೇ ಕಡೆ ನಿಂತಿತ್ತು. ಊರಿಗೇ ವಿಮಾನ ನಗರ ಅಂತ ಹೆಸರು, ಟರ್ಮಿನಲ್ ಇರೋದು ಮೂರು ಕಿಲೋಮೀಟರ್ ದೂರದಲ್ಲಿ, ಅಲ್ಲಿಗೆ ಹೋಗೋಕೆ ಗಾಡಿ ಇಲ್ಲ!

ಆ ದಿನ ಏನಾಯ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಅದಕ್ಕೂ ಮುಂಚೆ ಒಂದು ಪ್ರಶ್ನೆ. ಈ 'ಬುಕಿಂಗ್' ಅನ್ನೋದರಲ್ಲಿ ನಾವು ಕೊಂಡುಕೊಳ್ಳೋದು ಏನನ್ನ? ಗಾಡಿಯನ್ನಾ, ಅಥವಾ ಗಾಡಿ ಬರುತ್ತೆ ಅನ್ನೋ ಮಾತನ್ನಾ? ಆ ಮಾತು ತಪ್ಪಿದರೆ ನಷ್ಟ ಯಾರದ್ದು? ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಪುಣೆಯ ಸುಮಾರು ಇನ್ನೂರು ವರ್ಷದ ಕಥೆ ಸಿಗುತ್ತೆ.

ಪಲ್ಲಕ್ಕಿಗೂ ಅಡ್ವಾನ್ಸ್

ಕಂಪನಿ ಸರ್ಕಾರದ ಕಾಲದಲ್ಲಿ ದೂರ ಪ್ರಯಾಣಕ್ಕೆ 'ಡಾಕ್' ಅನ್ನೋ ವ್ಯವಸ್ಥೆ ಇತ್ತು. ಡಾಕ್ ಅಂದ್ರೆ ಅಂಚೆ. ಪತ್ರಗಳು ಹೋಗ್ತಿದ್ದ ಕ್ರಮದಲ್ಲೇ ಮನುಷ್ಯರೂ ಹೋಗ್ತಿದ್ದರು. ಪ್ರಯಾಣ ಮಾಡಬೇಕಾದವರು ಕೆಲವು ದಿನ ಮುಂಚೆಯೇ ಪೋಸ್ಟ್ ಮಾಸ್ಟರ್‌ಗೆ ಅರ್ಜಿ ಕೊಡಬೇಕು: ಎಲ್ಲಿಂದ, ಎಲ್ಲಿಗೆ, ಯಾವ ದಿನ. ಅವರು ದಾರಿಯುದ್ದಕ್ಕೂ ಪತ್ರ ಬರೆದು ಪ್ರತಿ ಹಂತದಲ್ಲೂ ಬೋಯಿಗಳನ್ನ ಸಿದ್ಧ ಮಾಡಿಸ್ತಿದ್ದರು. ಸಾಮಾನ್ಯವಾಗಿ ಒಂದು ಪಲ್ಲಕ್ಕಿಗೆ ಎಂಟು ಬೋಯಿಗಳು, ದೀವಟಿಗೆ ಹಿಡಿಯೋಕೆ ಇಬ್ಬರು, ಸಾಮಾನಿನ ಕಾವಡಿ ಹೊರೋಕೆ ಇಬ್ಬರು. ಸುಮಾರು ಹತ್ತು ಮೈಲಿಗೊಮ್ಮೆ ತಂಡ ಬದಲಾಗ್ತಿತ್ತು.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಬಾಡಿಗೆ ಜೊತೆಗೆ ಒಂದು ಠೇವಣಿಯನ್ನೂ ಕಟ್ಟಿಸಿಕೊಳ್ತಿದ್ದರು. ದಾರಿಯಲ್ಲಿ ನೀವು ತಡ ಮಾಡಿ ಬೋಯಿಗಳನ್ನ ಕಾಯಿಸಿದರೆ ಅದರಲ್ಲಿ ಮುರಿದುಕೊಳ್ಳೋದು, ತಡ ಆಗದಿದ್ದರೆ ವಾಪಸ್ ಕೊಡೋದು. ನಮ್ಮ 'ವೇಟಿಂಗ್ ಚಾರ್ಜ್' ಇದೇ ಅಲ್ವಾ? ಆದರೆ ಮುಂದಿನ ಹಂತದಲ್ಲಿ ಬೋಯಿಗಳೇ ಇಲ್ಲದಿದ್ದರೆ? ಕತ್ತಲಲ್ಲಿ ಪಲ್ಲಕ್ಕಿ ಇಳಿಸಿ ಕಾಯೋದು. ಅಂಥ ಪಾಡನ್ನ ಆ ಕಾಲದ ಪ್ರವಾಸಿಗಳು ಬರೆದುಕೊಂಡಿದ್ದಾರೆ. ಅಂದ್ರೆ ಪ್ರಯಾಣಿಕ ಮಾತು ತಪ್ಪಿದರೆ ದಂಡ ಇತ್ತು, ಪ್ರಯಾಣಿಕನಿಗೆ ಕೊಟ್ಟ ಮಾತು ತಪ್ಪಿದರೆ ಗೊಣಗೋದೊಂದೇ ದಾರಿ. ಬೋಯಿಗಳ ಕಡೆಯಿಂದ ನೋಡಿದರೆ ಚಿತ್ರ ಬೇರೆ: ಅರ್ಧರಾತ್ರಿ ಹತ್ತು ಮೈಲಿ ಹೊತ್ತುಕೊಂಡು ಹೋಗಿ, ಆಮೇಲೆ ಬರಿಗೈಲಿ ಅಷ್ಟೇ ದೂರ ನಡೆದು ವಾಪಸ್ ಬರಬೇಕು. ಈ 'ಖಾಲಿ ವಾಪಸ್' ಅನ್ನೋದನ್ನ ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮತ್ತೆ ಬರುತ್ತೆ.

ರೈಲು ಬಂತು, ಮಧ್ಯದಲ್ಲಿ ಘಾಟ್ ಉಳೀತು

ಮುಂಬೈ ಕಡೆಯಿಂದ ರೈಲು 1856ರಲ್ಲಿ ಘಾಟ್ ಬುಡದ ಖೋಪೋಲಿಗೆ ಬಂತು. ಮೇಲಿನ ಖಂಡಾಲಾದಿಂದ ಪುಣೆಗೆ 1858ರಲ್ಲಿ ರೈಲು ಶುರುವಾಯ್ತು. ನಡುವೆ ಭೋರ್ ಘಾಟ್. ಆ ಹಳಿ ಪೂರ್ತಿಯಾಗಿದ್ದು 1863ರಲ್ಲಿ. ಅಂದ್ರೆ ಐದು ವರ್ಷ ಮುಂಬೈಯಿಂದ ಪುಣೆಗೆ ಬರೋರು ಕೆಳಗೆ ರೈಲು ಇಳಿದು, ಪಲ್ಲಕ್ಕಿ, ಕುದುರೆ ಅಥವಾ ಎತ್ತಿನ ಗಾಡಿಯಲ್ಲಿ ಘಾಟ್ ಹತ್ತಿ, ಮೇಲೆ ಇನ್ನೊಂದು ರೈಲು ಹಿಡೀಬೇಕಿತ್ತು. ಪುಣೆಯ ಪಾಲಿಗೆ ಇದಕ್ಕಿಂತ ದೊಡ್ಡ 'ಸ್ಟೇಷನ್ ಟ್ರಾನ್ಸ್‌ಫರ್' ಆಮೇಲೆ ಬಂದಿಲ್ಲ. ರೈಲಿಗೆ ವೇಳಾಪಟ್ಟಿ ಇತ್ತು, ಪಲ್ಲಕ್ಕಿಗೆ ಇರಲಿಲ್ಲ. ಒಂದು ಕಡೆ ನಿಮಿಷದ ಲೆಕ್ಕ, ಇನ್ನೊಂದು ಕಡೆ 'ಬರ್ತಾರೆ ಇರಿ' ಅನ್ನೋ ಲೆಕ್ಕ. ಇವತ್ತಿಗೂ ನಮ್ಮ ಕಷ್ಟ ಇರೋದು ಈ ಎರಡರ ಮಧ್ಯೆಯೇ.

ಮುಂಬೈ ಸರ್ಕಾರ ಮಳೆಗಾಲಕ್ಕೆ ಪುಣೆಗೆ ಬಂದು ಕೂರ್ತಿತ್ತು. ಅಧಿಕಾರಿಗಳು, ಅವರ ಮನೆಯವರು, ಸಾಮಾನು ಸರಂಜಾಮು, ಎಲ್ಲ ಸ್ಟೇಷನ್ನಿನಲ್ಲೇ ಇಳೀಬೇಕು. ಸ್ಟೇಷನ್ ಹೊರಗೆ ಟಾಂಗಾಗಳ ಸಾಲು ಬೆಳೀತು. ಬೇಸಿಗೆಗೆ ಮಹಾಬಳೇಶ್ವರಕ್ಕೆ ಹೋಗೋರು ಪುಣೆಯಿಂದ, ಆಮೇಲೆ ಮೀಟರ್ ಗೇಜ್ ಹಳಿ ಬಂದ ಮೇಲೆ ವಾಠಾರ ಸ್ಟೇಷನ್ನಿನಿಂದ, ಟಾಂಗಾ ಹಿಡೀತಿದ್ದರು. ನಮ್ಮ ಬೆಳಗಾವಿ, ಹುಬ್ಬಳ್ಳಿ ಕಡೆಯವರು ಪುಣೆ ಸೇರಿದ್ದೂ ಅದೇ ಮೀಟರ್ ಗೇಜ್ ಹಳಿಯ ಮೇಲೆ.

ಸ್ಟ್ಯಾಂಡ್ ಮತ್ತು ಮೀಟರ್

ಟಾಂಗಾ ಸ್ಟ್ಯಾಂಡ್ ಅನ್ನೋದು ಬುಕಿಂಗ್‌ಗೆ ಪೂರ್ತಿ ವಿರುದ್ಧವಾದ ಯೋಚನೆ. ಮುಂಗಡ ಮಾತು ಬೇಡ. ಗಾಡಿ ಅಲ್ಲಿ ನಿಂತಿರುತ್ತೆ, ಮೊದಲು ಬಂದವರು ಹತ್ತೋದು. ಇದು ನಡೀಬೇಕು ಅಂದ್ರೆ ಎರಡು ನಿಯಮ ಬೇಕು: ದರ ಮೊದಲೇ ಗೊತ್ತಿರಬೇಕು, ಗಾಡಿಯವನು 'ಬರಲ್ಲ' ಅನ್ನಬಾರದು. ಮುಂಬೈ ನಗರಕ್ಕೆ 1863ರಲ್ಲೇ ಬಾಡಿಗೆ ಗಾಡಿಗಳ ಕಾಯ್ದೆ ಬಂತು. ಲೈಸೆನ್ಸ್, ನಿಗದಿ ದರ ಎಲ್ಲ ಅಲ್ಲಿಂದ ಬಂದ ಆಲೋಚನೆಗಳು.

ಸ್ವಾತಂತ್ರ್ಯದ ಹೊತ್ತಿಗೆ ಪುಣೆಯಲ್ಲೇ ಇನ್ನೊಂದು ಬದಲಾವಣೆ ಆಯ್ತು. ಮನುಷ್ಯರು ಎಳೆಯೋ, ತುಳಿಯೋ ರಿಕ್ಷಾ ಬದಲು ಇಂಜಿನ್ ಇರೋ ಮೂರು ಚಕ್ರದ ಗಾಡಿ ತರಬೇಕು ಅಂತ ಓಡಾಡಿದವರು ಪುಣೆಯ ಉದ್ಯಮಿ ಎನ್. ಕೆ. ಫಿರೋದಿಯಾ. ಆಟೋರಿಕ್ಷಾ ಭಾರತಕ್ಕೆ ಬಂದ ಕಥೆಯಲ್ಲಿ ಅವರ ಹೆಸರು ಬಿಟ್ಟು ಮುಂದೆ ಹೋಗೋಕಾಗಲ್ಲ. ಆಮೇಲೆ ಬಜಾಜ್ ಕಾರ್ಖಾನೆಯ ಆಟೋಗಳು ಬೆಂಗಳೂರಿನ ಜಟಕಾ ಸ್ಟ್ಯಾಂಡ್‌ಗಳನ್ನೂ ಆಕ್ರಮಿಸಿದ್ದು ನಮಗೆಲ್ಲ ಗೊತ್ತೇ ಇದೆ. ಪುಣೆಯ ಆಟೋ ಚಾಲಕರನ್ನ 'ರಿಕ್ಷಾ ಪಂಚಾಯತ್' ಅಂತ ಸಂಘಟಿಸಿದವರು ಬಾಬಾ ಆಢಾವ್. ಹಮಾಲರಿಗೆ ಸಂಘ ಕಟ್ಟಿದವರೂ ಅವರೇ.

ಸ್ಟ್ಯಾಂಡಿನ ಆ ಎರಡನೇ ನಿಯಮ ಇವತ್ತಿಗೂ ಕಾನೂನಿನಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 178 ನೋಡಿ. ನಿಯಮ ಮೀರಿ ಪ್ರಯಾಣಿಕರನ್ನ ನಿರಾಕರಿಸಿದರೆ ಆಟೋಗೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 50 ರೂಪಾಯಿ. ಕ್ಯಾಬ್‌ಗೆ 200 ಇದ್ದದ್ದು 2019ರ ತಿದ್ದುಪಡಿಯಲ್ಲಿ 500 ಆಯ್ತು. ಆಟೋದ 50 ಹಾಗೇ ಉಳೀತು.

ರಿಜಿಸ್ಟರ್ ಪುಸ್ತಕದ ಕಾಲ

ಪುಣೆಯ ಲೋಹೆಗಾಂವ್ ನಿಲ್ದಾಣ ಮೂಲತಃ ವಾಯುಪಡೆಯದ್ದು, ಎರಡನೇ ಮಹಾಯುದ್ಧದ ಕಾಲದ್ದು. ಅದರ ರನ್‌ವೇಯಲ್ಲೇ ನಮ್ಮ ವಿಮಾನಗಳೂ ಇಳಿಯೋದು. ಹಾಗಾಗಿ ಇಲ್ಲಿಂದ ವಿದೇಶಕ್ಕೆ ವಿಮಾನ ಯಾವತ್ತೂ ಕಮ್ಮಿ. ಆನ್‌ಸೈಟ್ ಹೋಗೋ ಐಟಿ ಮಂದಿಗೆ ಮುಂಬೈಯೇ ಗತಿ. 2002ಕ್ಕೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ತಿ ತೆರೆದ ಮೇಲೆ, ಮನೆ ಬಾಗಿಲಿಂದ ಮುಂಬೈ ಏರ್‌ಪೋರ್ಟ್‌ಗೆ ಶೇರ್ ಟ್ಯಾಕ್ಸಿ ಓಡಿಸೋದು ದೊಡ್ಡ ವ್ಯಾಪಾರ ಆಯ್ತು.

ನಾನು ಎಂಟೆಕ್ ಮುಗಿಸಿ ಪುಣೆಗೆ ಬಂದ ಹೊಸತರಲ್ಲೂ ಅದು ಜೋರಾಗಿಯೇ ಇತ್ತು. ಫೋನ್ ಮಾಡಿದರೆ ಆಫೀಸಿನಲ್ಲಿ ಒಬ್ಬರು ರಿಜಿಸ್ಟರ್‌ನಲ್ಲಿ ಬರೆದುಕೊಳ್ತಿದ್ದರು. ಸಂಜೆ ಅವರೇ ತಿರುಗಿ ಫೋನ್ ಮಾಡಿ ಡ್ರೈವರ್ ಹೆಸರು, ಗಾಡಿ ನಂಬರ್ ಹೇಳೋರು. ಗಾಡಿ ಹಳೇದು, ನಾಲ್ಕು ಜನರ ಸೂಟ್‌ಕೇಸ್ ಮೇಲೆ ಕಟ್ಟಿರ್ತಿದ್ದರು, ಎಲ್ಲರ ಮನೆ ಸುತ್ತಿ ಹೊರಡೋಕೇ ಒಂದು ಗಂಟೆ. ಸುಖ ಏನೂ ಇರಲಿಲ್ಲ. ಆದರೆ ನಾಳೆ ಗಾಡಿ ಇಲ್ಲ ಅಂದ್ರೆ ಅದೂ ಸಂಜೆಯೇ ಗೊತ್ತಾಗ್ತಿತ್ತು.

ಆ್ಯಪ್ ಹುಟ್ಟಿದ ದಾರಿ

ಈಗ ನಮ್ಮ ಕರ್ನಾಟಕದ ದಾರಿಗೆ ಬರೋಣ. ಓಲಾ ಸ್ಥಾಪಕ ಭವಿಷ್ ಅಗರ್‌ವಾಲ್ ಹೇಳಿಕೊಂಡಿರೋ ಕಥೆ ನೀವೂ ಕೇಳಿರಬಹುದು. ಬೆಂಗಳೂರಿಂದ ಬಂಡೀಪುರಕ್ಕೆ ಬಾಡಿಗೆ ಕಾರಿನಲ್ಲಿ ಹೊರಟಿದ್ದಾಗ ಮೈಸೂರಿನಲ್ಲಿ ಡ್ರೈವರ್ ಗಾಡಿ ನಿಲ್ಲಿಸಿ ಹೆಚ್ಚು ದುಡ್ಡು ಕೇಳಿದ, ಕೊಡಲ್ಲ ಅಂದಿದ್ದಕ್ಕೆ ಅರ್ಧ ದಾರಿಯಲ್ಲೇ ಬಿಟ್ಟು ಹೋದ. 2010ರಲ್ಲಿ ಕಂಪನಿ ಶುರುವಾಗೋಕೆ ಅದೇ ಪ್ರೇರಣೆ ಅಂತಾರೆ. ಮರುವರ್ಷ ಬೆಂಗಳೂರಿನಲ್ಲಿ, ಸುರತ್ಕಲ್‌ನಲ್ಲಿ ಓದಿದ ಅಪ್ರಮೇಯ ರಾಧಾಕೃಷ್ಣ ಮತ್ತು ರಘುನಂದನ್ ಇನ್ನೊಂದು ಕಂಪನಿ ಕಟ್ಟಿದರು. ಹೆಸರು 'ಟ್ಯಾಕ್ಸಿಫಾರ್‌ಶ್ಯೂರ್'. ಹೆಸರಲ್ಲೇ ಭರವಸೆ! 2015ರಲ್ಲಿ ಓಲಾ ಅದನ್ನ ಕೊಂಡುಕೊಂಡಿತು.

ಅಂದ್ರೆ ಈ ಆ್ಯಪ್‌ಗಳು ಹುಟ್ಟಿದ್ದೇ 'ಮಾತು ತಪ್ಪಬಾರದು' ಅನ್ನೋ ಕಾರಣಕ್ಕೆ. ಹಾಗಿದ್ರೆ ಮೂರೂವರೆಗೆ ನನ್ನ ಕ್ಯಾಬ್ ಯಾಕೆ ಬರಲಿಲ್ಲ?

ಡ್ರೈವರ್ ಕಡೆಯಿಂದ ಲೆಕ್ಕ ಹಾಕೋಣ. ಪುಣೆಯ ಸಾರಿಗೆ ಪ್ರಾಧಿಕಾರ 2024ರಿಂದ ಎಸಿ ಕ್ಯಾಬ್‌ಗೆ ಗೊತ್ತು ಮಾಡಿದ ದರ ಮೊದಲ ಒಂದೂವರೆ ಕಿಲೋಮೀಟರ್‌ಗೆ 37 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 25 ಇತ್ತು. ಮೂರು ಕಿಲೋಮೀಟರ್‌ಗೆ 75 ರೂಪಾಯಿ ಕೂಡ ಆಗಲ್ಲ. ರಾತ್ರಿ ದರ ಸೇರಿಸಿದರೂ ಇನ್ನಷ್ಟು. ಅವನು ಖರಾಡಿಯಿಂದಲೋ ಕಲ್ಯಾಣಿ ನಗರದಿಂದಲೋ ನಮ್ಮ ಮನೆಗೆ ಖಾಲಿ ಬರಬೇಕು. ಅದೇ ಹೊತ್ತಿಗೆ ಹಿಂಜವಡಿಯಿಂದ ಏರ್‌ಪೋರ್ಟ್‌ಗೆ ಇಪ್ಪತ್ತೈದು ಕಿಲೋಮೀಟರ್ ಬಾಡಿಗೆ ಸಿಗಬಹುದು. ಬೋಯಿಗಳ 'ಖಾಲಿ ವಾಪಸ್' ನೆನಪಿದೆಯಾ? ಲೆಕ್ಕ ಬದಲಾಗಿಲ್ಲ. ಬೆಂಗಳೂರಿನಲ್ಲಿ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಹೋದ ಮೇಲೆ ಏರ್‌ಪೋರ್ಟ್ ಅಂದ್ರೆ ಉದ್ದದ ಟ್ರಿಪ್. ಇಲ್ಲಿ ಹತ್ತಿರ ಇರೋದೇ ನಮ್ಮ ತಪ್ಪು.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪರದೆ ಮೇಲಿನ 'ಕನ್ಫರ್ಮ್' ಅನ್ನೋದು ಡೇಟಾಬೇಸ್‌ನ ಒಂದು ಸಾಲು. ಕೋರಿಕೆ ದಾಖಲಾಗಿದೆ ಅಂತ ಅಷ್ಟೇ ಅದರ ಅರ್ಥ. ಡ್ರೈವರ್ ಆಗ ಇನ್ನೂ ನಿಗದಿಯೇ ಆಗಿರದೆ ಇರಬಹುದು. ಮೂರೂವರೆಗೆ ಕರೆ ಮಾಡಿದವನು ಹಿಂದಿನ ರಾತ್ರಿ ನನಗೆ ಯಾವ ಮಾತೂ ಕೊಟ್ಟಿರಲಿಲ್ಲ.

ಕಾನೂನು ಏನು ಹೇಳುತ್ತೆ? ಕೇಂದ್ರ ಸರ್ಕಾರದ 2025ರ ಮಾರ್ಗಸೂಚಿಯಲ್ಲಿ, ಸಕಾರಣ ಇಲ್ಲದೆ ಕ್ಯಾನ್ಸಲ್ ಮಾಡಿದರೆ ಬಾಡಿಗೆಯ ಶೇಕಡಾ 10, ಗರಿಷ್ಠ 100 ರೂಪಾಯಿ ದಂಡ ಅಂತಿದೆ. ಪ್ರಯಾಣಿಕನಿಗೂ ಅಷ್ಟೇ, ಚಾಲಕನಿಗೂ ಅಷ್ಟೇ. ಡಾಕ್ ಠೇವಣಿಗೆ ಹೋಲಿಸಿದರೆ ಇದು ನ್ಯಾಯ; ದಂಡ ಎರಡೂ ಕಡೆ ಇದೆ. ಆದರೆ 150 ರೂಪಾಯಿ ಬಾಡಿಗೆಗೆ ದಂಡ 15 ರೂಪಾಯಿ. ದಂಡವನ್ನ ಅಳೆಯೋದು ಬಾಡಿಗೆಯಿಂದ. ನಷ್ಟ ಇರೋದು ಪ್ರಯಾಣದ ಆ ತುದಿಯಲ್ಲಿ: ತಪ್ಪಿದ ವಿಮಾನ, ಇಂಟರ್‌ವ್ಯೂ, ಆಪರೇಷನ್ ಥಿಯೇಟರ್ ಬಾಗಿಲು. ಅದನ್ನ ಪಲ್ಲಕ್ಕಿ ಕಾಲದ ಠೇವಣಿಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಈ ದಂಡವೂ ಹಿಡಿದಿಲ್ಲ.

ಆ ಬೆಳಗ್ಗೆ

ಬ್ಯಾಗ್ ಎಳ್ಕೊಂಡು ದತ್ತ ಮಂದಿರ ಚೌಕದ ಕಡೆ ನಡೆದೆ. ಒಂದು ಆಟೋದಲ್ಲಿ ಅರವತ್ತು ದಾಟಿದ ಒಬ್ಬರು ಕಾಲು ಹೊರಗೆ ಚಾಚಿ ಮಲಗಿದ್ದರು. "ಕಾಕಾ, ಏರ್‌ಪೋರ್ಟ್" ಅಂದೆ. ಕಣ್ಣುಜ್ಜಿಕೊಂಡು "ದೋನ್‌ಶೆ" ಅಂದರು. ಇನ್ನೂರು, ಅಂದ್ರೆ ಮೀಟರ್‌ಗಿಂತ ಎಷ್ಟೋ ಜಾಸ್ತಿ. ಕೂತೆ. ನಾಲ್ಕೂಕಾಲಿಗೆ ಟರ್ಮಿನಲ್ ಮುಂದೆ ಇದ್ದೆ. ಎಂಟೂವರೆಗೆ ಆಸ್ಪತ್ರೆ ತಲುಪಿ ಅಪ್ಪನ ಕೈ ಹಿಡಿದು ಎರಡು ನಿಮಿಷ ಮಾತಾಡಿದೆ. "ಊಟ ಮಾಡಿದ್ಯೇನೋ?" ಅಂತ ಕೇಳಿದರು. ಬೆಳಗ್ಗೆ ಎಂಟೂವರೆಗೆ! ಈಗ ಆರಾಮಾಗಿದ್ದಾರೆ, ದಿನಾ ವಾಕಿಂಗ್ ಹೋಗ್ತಾರೆ.

ಕಾಕಾ ನಂಬರ್ ತಗೊಂಡಿದ್ದೆ. ಅಲ್ಲಿಂದೀಚೆಗೆ ಬೆಳಗಿನ ಫ್ಲೈಟ್ ಇದ್ದರೆ ಅವರಿಗೇ ಹೇಳೋದು. ಒಮ್ಮೆ ಅವರೂ ಬರಲಿಲ್ಲ. ಆದರೆ ಹಿಂದಿನ ರಾತ್ರಿ ಹತ್ತಕ್ಕೆ ಫೋನ್ ಮಾಡಿ, ಜ್ವರ ಬಂದಿದೆ, ಬೇರೆ ನೋಡ್ಕೊಳ್ಳಿ ಅಂದರು. ನಾನು ಪಕ್ಕದ ಬಿಲ್ಡಿಂಗಿನ ಸ್ನೇಹಿತನಿಗೆ ಹೇಳಿ ಅವನ ಸ್ಕೂಟರ್‌ನಲ್ಲಿ ಹೋದೆ, ಒಂದು ಗಾಬರಿ ಇಲ್ಲದೆ.

ನನಗೆ ಅನ್ನಿಸೋದು ಇಷ್ಟು. ಗಾಡಿ ಕೆಡುತ್ತೆ, ಜ್ವರ ಬರುತ್ತೆ, ಲೆಕ್ಕ ಕೂಡಲ್ಲ. 'ಬರಲ್ಲ' ಅನ್ನೋ ಹಕ್ಕು ಚಾಲಕನಿಗೂ ಇರಲಿ. ಆದರೆ ಅದು ರಾತ್ರಿ ಹತ್ತಕ್ಕೆ ಗೊತ್ತಾಗಬೇಕು, ಮೂರೂವರೆಗೆ ಅಲ್ಲ. ಕ್ಯಾನ್ಸಲ್‌ಗೆ ದಂಡ ಹಾಕೋ ಬದಲು, ಹೊರಡೋ ಇಷ್ಟು ಗಂಟೆ ಮುಂಚೆ ಡ್ರೈವರ್ ಒಪ್ಪದಿದ್ದರೆ 'ಕನ್ಫರ್ಮ್' ಅನ್ನೋ ಪದ ಬಳಸಬಾರದು ಅಂತ ನಿಯಮ ಮಾಡಿದರೆ ಸಾಕು. ಇಂಥ ಆ್ಯಪ್ ಬರೆಯೋರು ನಮ್ಮಲ್ಲೇ ಎಷ್ಟು ಜನ ಇದ್ದೀರಿ! ಮುಂದಿನ ಸಲ ಆ ಹಸಿರು ಪದವನ್ನ ಪರದೆ ಮೇಲೆ ಇಡೋ ಮುಂಚೆ, ಗೇಟ್ ಮುಂದೆ ಬ್ಯಾಗ್ ಹಿಡಿದು ನಿಂತವರನ್ನ ಒಂದು ಸಲ ನೆನೆಸಿಕೊಳ್ಳಿ.