ನಾರಾಯಣಪೇಟೆಯ ಮಗ್ಗವೂ ಸರಕಾರದ ಅಪ್ಪಣೆಯೂ

ಕಳೆದ ವರ್ಷ ಹತ್ತನೆಯ ತರಗತಿಗೆ ಸ್ವತಂತ್ರ ಭಾರತದ ಕೈಗಾರಿಕಾ ನೀತಿಯ ಪಾಠ ಹೇಳುತ್ತಿದ್ದೆವು. ನೇಕಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, "ಸರ್, ಸೀರಿ ಕೈಮಗ್ಗದಾಗೇ ನೇಯಬೇಕಂತ ಕಾಯ್ದೆ ಐತಂತೀರಿ. ಹಂಗಾದ್ರ ಸಂತ್ಯಾಗ ನಮ್ಮೂರ ಹೆಸರಿನ್ಯಾಗ ಮಿಷಿನ್ ಸೀರಿ ಹೆಂಗ ಮಾರ್ತಾರ್ರಿ?" ಎಂದು ಕೇಳಿದ. ಪಠ್ಯಪುಸ್ತಕದಲ್ಲಿದ್ದ ಉತ್ತರವನ್ನೇ ಹೇಳಿ ಅವನನ್ನು ಕೂರಿಸಿದೆವು. ಅವನು ಕುಳಿತನು, ನಮಗೆ ಮಾತ್ರ ಸಮಾಧಾನವಾಗಲಿಲ್ಲ. ಆ ಅಸಮಾಧಾನದಿಂದ ಹುಟ್ಟಿದ್ದು ಈ ಲೇಖನ.

ಅರ್ಥಶಾಸ್ತ್ರಜ್ಞರಲ್ಲಿ ವ್ಯಕ್ತಿಸ್ವಾತಂತ್ರ್ಯವಾದಿಗಳೆಂಬ ಒಂದು ಪಂಥವುಂಟು. ಸರಕಾರವು ವ್ಯಾಪಾರದಲ್ಲಿ ಕೈಹಾಕಬಾರದೆಂಬುದು ಅವರ ಮತ. ಆದುದರಿಂದ ಅವರನ್ನು ದೊಡ್ಡ ಬಂಡವಾಳಗಾರರ ವಕೀಲರೆಂದು ಭಾವಿಸುವುದು ವಾಡಿಕೆಯಾಗಿದೆ. ಅವರ ವಾದವನ್ನು ನಿಧಾನವಾಗಿ ಓದಿದರೆ ಬೇರೆಯೇ ಒಂದು ಎಳೆ ಕಾಣುತ್ತದೆ. ನಿಯಂತ್ರಣವೆಂಬುದು ದೊಡ್ಡವರನ್ನು ಹದ್ದಿನಲ್ಲಿಡುವ ಬೇಲಿಯೆಂದು ನಾವು ನಂಬಿದರೆ, ಅದು ಬಹುಮಟ್ಟಿಗೆ ದೊಡ್ಡವರೇ ಕಟ್ಟಿಸಿಕೊಂಡ ಕೋಟೆಯೆಂದು ಅವರು ಹೇಳುತ್ತಾರೆ. ವರ್ತಕರು ಸೂಚಿಸುವ ಕಾನೂನನ್ನು ಬಹಳ ಸಂಶಯದಿಂದ ಪರಿಶೀಲಿಸಬೇಕೆಂದು ಆಡಂ ಸ್ಮಿತ್ 1776ರಲ್ಲಿಯೇ ಎಚ್ಚರಿಸಿದ್ದನು. ನಿಯಂತ್ರಣವನ್ನು ಆಯಾ ಉದ್ಯಮವೇ ಗಳಿಸಿಕೊಂಡು ತನ್ನ ಲಾಭಕ್ಕೆ ತಿರುಗಿಸಿಕೊಳ್ಳುತ್ತದೆಂದು ಅಮೆರಿಕದ ಜಾರ್ಜ್ ಸ್ಟಿಗ್ಲರ್ 1971ರಲ್ಲಿ ವಾದಿಸಿದನು. ಈ ಮಾತು ನಮ್ಮ ನೆಲದಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆ?

ನಾರಾಯಣಪೇಟೆ, ಮಕ್ತಲ, ಗದ್ವಾಲಗಳು ಹೈದರಾಬಾದು ಸಂಸ್ಥಾನಕ್ಕೆ ಒಳಪಟ್ಟಿದ್ದ ಸೀಮೆ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದುವೆಂಬುದನ್ನು ಇಂದಿನ ನಮ್ಮ ಕಿರಿಯ ಉಪಾಧ್ಯಾಯರಲ್ಲಿ ಅನೇಕರು ಅರಿಯರು. ಈ ಸೀಮೆಗೆ ದೊಡ್ಡ ವ್ಯಾಪಾರದ ಪರಿಚಯವಾದದ್ದು 1802ರ ಒಪ್ಪಂದದಿಂದ ಎನ್ನಬಹುದು. ನಿಜಾಮರಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದ ಆ ವಾಣಿಜ್ಯ ಒಪ್ಪಂದವು ಕಂಪನಿಯ ಸೀಮೆಗೂ ನಿಜಾಮರ ಸೀಮೆಗೂ ನಡುವೆ ಸಾಗುವ ಸರಕಿನ ಮೇಲೆ ನೂರಕ್ಕೆ 5ರ ಸುಂಕವನ್ನು ಗೊತ್ತುಮಾಡಿತು. ಮೇಲುನೋಟಕ್ಕೆ ಇದು ಮುಕ್ತ ವ್ಯಾಪಾರವೇ. ಆದರೆ ಒಪ್ಪಂದಕ್ಕೆ ರುಜು ಹಾಕಿದವರಲ್ಲಿ ಒಬ್ಬನು ದೊರೆ; ಇನ್ನೊಬ್ಬನು ಸೈನ್ಯವಿದ್ದ ವರ್ತಕ. ಇಂಥ ಇಬ್ಬರ ನಡುವೆ ಆದ ಮಾತಿಗೆ ಮುಕ್ತವೆಂಬ ಹೆಸರು ಎಷ್ಟು ಒಪ್ಪುತ್ತದೆಂಬುದನ್ನು ವಾಚಕರೇ ಯೋಚಿಸಲಿ.

ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವೆಂದರೆ ಪಾಮರ್ ಕಂಪನಿಯ ಕಥೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ವಿಲಿಯಂ ಪಾಮರನು ಇಂಗ್ಲಿಷ್ ಸೇನಾಧಿಕಾರಿಯೊಬ್ಬನಿಗೆ ಮುಸ್ಲಿಂ ಬೇಗಮಳಲ್ಲಿ ಹುಟ್ಟಿದವನು. 1810ರ ದಶಕದಲ್ಲಿ ಹೈದರಾಬಾದಿನಲ್ಲಿ ಲೇವಾದೇವಿಯ ಕೋಠಿ ತೆರೆದನು. ಬ್ರಿಟಿಷ್ ಪ್ರಜೆಗಳು ದೇಶೀಯ ರಾಜರಿಗೆ ಸಾಲ ಕೊಡಕೂಡದೆಂದು ಪಾರ್ಲಿಮೆಂಟು 1797ರಲ್ಲಿ ಕಾಯ್ದೆ ಮಾಡಿತ್ತು. ಕಾಯ್ದೆ ಒಳ್ಳೆಯದೇ. ಆದರೆ ಗವರ್ನರ್ ಜನರಲ್‌ನ ಅಪ್ಪಣೆಯಿದ್ದರೆ ಕೊಡಬಹುದೆಂಬ ಕಿಂಡಿಯೊಂದು ಅದರಲ್ಲಿತ್ತು. ಗವರ್ನರ್ ಜನರಲ್ ಹೇಸ್ಟಿಂಗ್ಸನು (ಇವನು ಮಾರ್ಕ್ವೆಸ್ ಹೇಸ್ಟಿಂಗ್ಸ್, ನಾವು ಮಕ್ಕಳಿಗೆ ಪಾಠ ಹೇಳುವ ವಾರೆನ್ ಹೇಸ್ಟಿಂಗ್ಸ್ ಅಲ್ಲ) 1816ರಲ್ಲಿ ಆ ಅಪ್ಪಣೆಯನ್ನು ಪಾಮರನಿಗೆ ದಯಪಾಲಿಸಿದನು. ಕೋಠಿಯ ಪಾಲುದಾರರಲ್ಲೊಬ್ಬನಾದ ವಿಲಿಯಂ ರಂಬೋಲ್ಡನು ಹೇಸ್ಟಿಂಗ್ಸನ ಸಾಕುಮಗಳ ಗಂಡನಾಗಿದ್ದನೆಂಬುದನ್ನು ಇಲ್ಲಿ ಹೇಳದಿದ್ದರೆ ಚರಿತ್ರೆ ಅಪೂರ್ಣವಾದೀತು.

ಮುಂದಿನದು ಸರಳ. ಉಳಿದ ಬ್ರಿಟಿಷ್ ಲೇವಾದೇವಿಗಾರರಿಗೆ ನಿಷೇಧ. ಪಾಮರನಿಗೆ ಮಾತ್ರ ಬಾಗಿಲು ತೆರೆದಿದೆ. ದಿವಾನಗಿರಿಯನ್ನು ನಡೆಸುತ್ತಿದ್ದ ಚಂದೂಲಾಲನ ಕಾಲದಲ್ಲಿ ಸಾಲದ ಮೇಲೆ ಸಾಲ ಬೆಳೆಯಿತು. 1820ರಲ್ಲಿ 60 ಲಕ್ಷ ರೂಪಾಯಿಯ ಹೊಸ ಸಾಲಕ್ಕೆ ಕಲಕತ್ತೆಯಿಂದ ಸಮ್ಮತಿ ದೊರೆಯಿತು. ಅದೇ ವರ್ಷ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫನು ಲೆಕ್ಕವನ್ನು ಕೆದಕಿ ನೋಡಿ ಬೆಚ್ಚಿದನು. ತನ್ನ ಮೇಲಧಿಕಾರಿಯ ಕೋಪಕ್ಕೆ ಗುರಿಯಾದರೂ ಸುಮ್ಮನಿರಲಿಲ್ಲ. ಕೊನೆಗೆ ಸಾಲ ತೀರಿಸುವುದಕ್ಕಾಗಿ ನಿಜಾಮರು, ಉತ್ತರ ಸರಕಾರುಗಳ ಸಲುವಾಗಿ ಕಂಪನಿಯಿಂದ ವರ್ಷಂಪ್ರತಿ ಬರುತ್ತಿದ್ದ 7 ಲಕ್ಷ ರೂಪಾಯಿಯ ಪೇಷ್ಕಷನ್ನು 1823ರಲ್ಲಿ ಶಾಶ್ವತವಾಗಿ ಬಿಟ್ಟುಕೊಟ್ಟರು. ಮರುವರ್ಷ ಕೋಠಿಯೇ ದಿವಾಳಿಯೆದ್ದಿತು. ಬೊಕ್ಕಸದ ಭಾರ ಇಳಿಯಲಿಲ್ಲ. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ಸಂಬಳದ ಬಾಕಿಗಾಗಿ 1853ರಲ್ಲಿ ರಾಯಚೂರು ದೋಆಬನ್ನು ಕಂಪನಿಯ ವಶಕ್ಕೆ ಕೊಡಬೇಕಾಯಿತು. ಅದು ಮರಳಿ ಬಂದದ್ದು 1860ರಲ್ಲಿ. ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ನಡುಗಡ್ಡೆಯ ರೈತನಿಗೆ ಪಾಮರನ ಹೆಸರು ಗೊತ್ತಿರಲಾರದು. ಆದರೆ ಅವನು ತೆತ್ತ ಕಂದಾಯದ ಒಂದು ಪಾಲು ಯಾವ ದಾರಿ ಹಿಡಿಯಿತೆಂಬುದು ಇದರಿಂದ ತಿಳಿಯುತ್ತದೆ.

ವ್ಯಕ್ತಿಸ್ವಾತಂತ್ರ್ಯವಾದಿಗಳಿಗೆ ಈ ಕಥೆಯಷ್ಟು ಅನುಕೂಲವಾದುದು ಮತ್ತೊಂದಿಲ್ಲ. ನಿಷೇಧವೇ ಇಲ್ಲದಿದ್ದರೆ ಅಪ್ಪಣೆಗೆ ಬೆಲೆಯೆಲ್ಲಿಯದು? ಅಪ್ಪಣೆಗೆ ಬೆಲೆಯಿಲ್ಲದಿದ್ದರೆ ಸಾಕುಮಗಳ ಗಂಡನಿಗೆ ಕೋಠಿಯಲ್ಲಿ ಪಾಲೇಕೆ? ಸ್ವಾತಂತ್ರ್ಯಾನಂತರದ ಲೈಸೆನ್ಸ್ ಪದ್ಧತಿಯೂ ಅವರ ಪಕ್ಷಕ್ಕೇ ಸಾಕ್ಷಿ ಹೇಳುತ್ತದೆ. ಆರ್ಥಿಕ ಬಲವು ಕೆಲವರ ಕೈಸೇರದಿರಲಿ ಎಂದು ಹೂಡಿದ ಪದ್ಧತಿಯದು. ದೊಡ್ಡ ಮನೆತನಗಳೇ ಮುಂಚಿತವಾಗಿ ಲೈಸೆನ್ಸುಗಳನ್ನು ಹಿಡಿದಿಟ್ಟುಕೊಂಡು ಇತರರ ದಾರಿ ಕಟ್ಟಿದುವೆಂದು 1967ರ ಹಜಾರಿ ವರದಿಯೂ 1969ರ ದತ್ ಸಮಿತಿಯೂ ತೋರಿಸಿಕೊಟ್ಟುವು.

ಇಷ್ಟಾಗಿಯೂ ಮಗ್ಗದ ಮುಂದೆ ಬಂದಾಗ ವಾದವು ಇಷ್ಟು ಹಸನಾಗಿ ನಿಲ್ಲುವುದಿಲ್ಲ. "ಪರ್ಮಿಟ್ ಲೈಸೆನ್ಸ್ ಕೋಟಾ ರಾಜ್ಯ"ವೆಂದು ಸರಕಾರವನ್ನು ಝಾಡಿಸಿ 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದ ರಾಜಾಜಿಯವರನ್ನು ಎಲ್ಲರೂ ಬಲ್ಲರು. ಅದೇ ರಾಜಾಜಿಯವರು 1952ರಲ್ಲಿ ಮದರಾಸಿನ ಮುಖ್ಯಮಂತ್ರಿಗಳಾಗಿದ್ದಾಗ, ಧೋತರ ಮತ್ತು ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಡಬೇಕೆಂದು ಕೇಂದ್ರವನ್ನು ಒತ್ತಾಯಿಸಿದವರು! ಆ ವರ್ಷದ ಕೊನೆಗೆ ಗಿರಣಿಗಳ ಧೋತರದ ಉತ್ಪಾದನೆಯನ್ನು ನೂರಕ್ಕೆ 60ಕ್ಕೆ ಇಳಿಸಲಾಯಿತು. ಇದನ್ನು ಅಸಂಗತಿಯೆಂದು ನಗುವವರುಂಟು, ನಾವು ನಗಲಾರೆವು. ಸೇಲಂ ಸೀಮೆಯಿಂದ ಬಂದ ಅವರು ಹಸಿದ ನೇಕಾರನನ್ನು ಕಣ್ಣಾರೆ ಕಂಡಿದ್ದರು. ತತ್ತ್ವ ಆಮೇಲಿನದು.

ಮುಂದೆ ಗಿರಣಿಗಳ ಮಗ್ಗಗಳ ಸಂಖ್ಯೆಯನ್ನು 1956ರಲ್ಲಿ ಕಟ್ಟಿಹಾಕಿದರು. ಗಿರಣಿ ಬಟ್ಟೆಯ ಮೇಲೆ ಸೆಸ್ ಹಾಕಿ ಕೈಮಗ್ಗಕ್ಕೆ ನೆರವು ಕೊಟ್ಟರು. ಗಿರಣಿ ಕುಗ್ಗಿತು, ನಿಜ. ನಮ್ಮ ನೆರೆಯ ಕಲಬುರಗಿಯ ಮೆಹಬೂಬ್ ಶಾಹಿ ಗಿರಣಿಯೂ ನಿಜಾಮ ಸರಕಾರದ ಬಂಡವಾಳದಿಂದ 1934ರಲ್ಲಿ ಎದ್ದ ವರಂಗಲ್ಲಿನ ಆಜಂ ಜಾಹಿ ಗಿರಣಿಯೂ ಮುಚ್ಚಿಹೋದುವು. ಆದರೆ ಆ ಜಾಗ ಕೈಮಗ್ಗಕ್ಕೆ ಸಿಗಲಿಲ್ಲ. ಮನೆಯ ಹಿತ್ತಿಲಲ್ಲಿ, ತಗಡಿನ ಶೆಡ್ಡಿನಲ್ಲಿ ಎದ್ದ ವಿದ್ಯುತ್ ಮಗ್ಗ ಅದನ್ನು ಹಿಡಿಯಿತು. ದೊಡ್ಡದನ್ನು ಕಟ್ಟಿಹಾಕಿದ ಕಾನೂನು ನಡುವಿನದನ್ನು ಸಾಕಿತು. ಇದಾದ ಮೇಲೆ 1985ರ ಮೀಸಲಾತಿ ಕಾಯ್ದೆ ಬಂದು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಬಿಟ್ಟಿತು. ವಿದ್ಯುತ್ ಮಗ್ಗದವರು ನ್ಯಾಯಾಲಯಕ್ಕೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕೆಲವೇ ವರ್ಷಗಳಲ್ಲಿ ಸರಕಾರವೇ 22ನ್ನು 11ಕ್ಕೆ ಇಳಿಸಿತು. ಸೀರೆ ಮಾತ್ರ ಪಟ್ಟಿಯಲ್ಲಿ ಉಳಿದಿದೆ. ನಮ್ಮ ಹುಡುಗ ಕೇಳಿದ್ದು ಇದನ್ನೇ.

ನಾರಾಯಣಪೇಟೆಯ ಚೌಕುಳಿಯ ಸೀರೆಯನ್ನು ಕಂಡವರು ಬಲ್ಲರು, ಅದರ ಅಂದವೆಲ್ಲ ನೂಲಿನ ಲೆಕ್ಕದಲ್ಲಿದೆ. ಗದ್ವಾಲದ ಸೀರೆಯದು ಇನ್ನೊಂದು ಬಗೆ: ಒಡಲು ಹತ್ತಿ, ಅಂಚು ಸೆರಗು ರೇಷ್ಮೆ, ಇವೆರಡನ್ನೂ ಮಗ್ಗದ ಮೇಲೆಯೇ ಕೂಡಿಸಬೇಕು. ಇಳಕಲ್ಲಿನವರು ಸೆರಗು ಕೂಡಿಸುವ ತೋಪುತೆನೆಗೆ ಇದು ದೂರದ ನಂಟು. ಎರಡೂ ಊರಿನ ಸೀರೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಚೌಕುಳಿಯನ್ನು ಯಂತ್ರ ಕದಿಯುವುದು ಸುಲಭ; ಗದ್ವಾಲದ ಕೂಡಿಕೆಯನ್ನು ಕದಿಯುವುದು ಕಷ್ಟ. ನಮ್ಮ ಎಣಿಕೆಯಲ್ಲಿ ಗದ್ವಾಲವನ್ನು ಕಾದದ್ದು ಕಾಯ್ದೆಗಿಂತ ಹೆಚ್ಚಾಗಿ ಅದರ ಕೂಡಿಕೆಯೇ.

ಹಾಗಾದರೆ ಕಾಯ್ದೆಗಳನ್ನೆಲ್ಲ ತೆಗೆದುಹಾಕಬಹುದೇ? ಲಡಿಯ ನೂಲಿನ ಮಾತನ್ನು ನೋಡಿರಿ. ಕೈಮಗ್ಗಕ್ಕೆ ನೂಲು ಲಡಿಯಲ್ಲಿಯೇ ಬೇಕು; ಬಣ್ಣ ಹಾಕಲೂ ಗಂಜಿ ಕೊಡಲೂ ಅದೇ ಅನುಕೂಲ. ಗಿರಣಿಗಾದರೋ ಕೋನಿನಲ್ಲಿ ಸುತ್ತಿ ಮಾರುವುದು ಲಾಭ. ನೂಲಿನ ಗಿರಣಿಗಳು ಅರ್ಧಪಾಲನ್ನು ಲಡಿಯಲ್ಲಿಯೇ ಕೊಡಬೇಕೆಂದು 1974ರಲ್ಲಿ ಸರಕಾರ ಕಟ್ಟುಮಾಡಿತು. 2003ರಲ್ಲಿ ಅದು ನೂರಕ್ಕೆ 40 ಆಯಿತು, 2019ರಲ್ಲಿ 30. ಸುಂಕವಿಲ್ಲದ ಲಡಿಯನ್ನು ಕೊಂಡು ಬಿಚ್ಚಿ ವಿದ್ಯುತ್ ಮಗ್ಗಕ್ಕೆ ಸಾಗಿಸಿದವರೂ ಇದ್ದರು. ಅಲ್ಲಿಯೂ ಸ್ಟಿಗ್ಲರನು ನಕ್ಕಾನು. ಆದರೂ ಕಟ್ಟಳೆಯೇ ಇಲ್ಲದಿದ್ದರೆ ಲಡಿ ಕೊಳ್ಳಲು ನೇಕಾರ ಯಾರ ಬಾಗಿಲಿಗೆ ಹೋಗಬೇಕಾಗಿತ್ತೆಂಬುದನ್ನು ಆ ಪಂಥದವರು ಹೇಳುವುದಿಲ್ಲ. ಹೋಗಬೇಕಾದ ಬಾಗಿಲು ನಮಗೆ ಗೊತ್ತು: ಸಾಹುಕಾರನದು. ಅವನೇ ನೂಲು ಕೊಡುವವನು, ಅವನೇ ಸೀರೆ ಕೊಳ್ಳುವವನು, ಬೆಲೆ ಹೇಳುವವನೂ ಅವನೇ. ಅವನ ಹಿಂದೆ ಯಾವ ಸರಕಾರದ ಅಪ್ಪಣೆಯೂ ಇಲ್ಲ.

ಈ ವಿಷಯದಲ್ಲಿ ಪುಸ್ತಕಕ್ಕಿಂತ ಮನೆಯ ವಹಿಗಳು ಹೆಚ್ಚು ಹೇಳಬಲ್ಲವೆಂದು ಬಗೆದು ನಮ್ಮ ಶಾಲೆಯ ಮಕ್ಕಳನ್ನು ಮಗ್ಗದ ಓಣಿಗಳಿಗೆ ಕಳುಹಿಸಿದೆವು. ಮೂರು ಮನೆಗಳಲ್ಲಿ ಹಳೆಯ ಲೆಕ್ಕದ ವಹಿಗಳು ದೊರೆತವು. ಒಂದರಲ್ಲಿ ಸೀರೆಯ ಮಜೂರಿ ಒಂದು ಕಡೆ, ಕೊಟ್ಟ ನೂಲಿನ ಬೆಲೆ ಇನ್ನೊಂದು ಕಡೆ, ಉಳಿದ ಬಾಕಿ ಕೆಳಗೆ. ಬಾಕಿ ಪುಟದಿಂದ ಪುಟಕ್ಕೆ ಸಾಗುತ್ತದೆ; ಎಲ್ಲಿಯೂ ಸೊನ್ನೆಯಾದದ್ದು ನಮಗೆ ಕಾಣಲಿಲ್ಲ. ನಕಲು ಮಾಡಿಕೊಳ್ಳಲು ಕೇಳಿದಾಗ ಮನೆಯ ಹಿರಿಯರು ಒಪ್ಪಲಿಲ್ಲ. "ಆ ಲೆಕ್ಕ ಇನ್ನಾ ಮುಗಿದಿಲ್ರಿ ಸರ್" ಎಂದು ವಹಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟರು.