ಬಾಸೆಲ್ ಮಿಶನ್ನಿನವರ ಮನೆ-ಸಂಸಾರ

ಪ್ರತಿ ವರ್ಷ ರಾಜ್ಯೋತ್ಸವದ ದಿನ ಕನ್ನಡ ನುಡಿಗೆ ದುಡಿದ ಮಹನೀಯರನ್ನು ನೆನೆಯುವಾಗ ರೆವರೆಂಡ್ ಕಿಟ್ಟೆಲರ ಹೆಸರು ಬಾರದೆ ಇರುವುದಿಲ್ಲ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರ ಹೆಸರೂ ಜೊತೆಗೆ ಬರುತ್ತದೆ. ಆದರೆ ಈ ದೊಡ್ಡ ಕೆಲಸಗಳು ನಡೆದ ಮನೆಗಳ ಯಜಮಾನಿ ಯಾರು, ಆ ಮನೆಯ ಮಕ್ಕಳು ಎಲ್ಲಿ ಬೆಳೆದರು ಎಂದು ಕೇಳುವವರು ವಿರಳ. ನಾನು ಬ್ಯಾಂಕಿನ ಗುಮಾಸ್ತನೇ ಹೊರತು ವಿದ್ವಾಂಸನಲ್ಲ. ಆದರೂ ಹುಟ್ಟಿದೂರು ಬಿಟ್ಟು ಈ ಮುನಿರ್ಕಾದ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿರುವವನಿಗೆ ಇಂತಹ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಅದರ ಉತ್ತರವಾಗಿ ನನಗೆ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅದರಲ್ಲಿ ಸೇರಿದವರು ಬಹುಮಟ್ಟಿಗೆ ದಕ್ಷಿಣ ಜರ್ಮನಿಯ ರೈತರ ಹಾಗೂ ಕುಶಲಕರ್ಮಿಗಳ ಮಕ್ಕಳು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. ಮುಂದೆ ಧಾರವಾಡ, ಹುಬ್ಬಳ್ಳಿ, ಕೊಡಗು ಮೊದಲಾದೆಡೆಗಳಲ್ಲಿಯೂ ಅವರ ಠಾಣ್ಯಗಳಾದವು. ಮತಪ್ರಚಾರವೇ ಅವರು ಬಂದ ಉದ್ದೇಶ. ಅದನ್ನು ಮರೆಮಾಚಬೇಕಾಗಿಲ್ಲ, ಆ ಕಾರಣಕ್ಕೆ ಅವರು ಮಾಡಿದ ನುಡಿಗೆಲಸವನ್ನು ಮರೆಯಬೇಕಾಗಿಯೂ ಇಲ್ಲ.

ಮಿಶನರಿಯ ಮದುವೆ ಅವನೊಬ್ಬನ ಮಾತಾಗಿರಲಿಲ್ಲ. ಅವನು ಅವಿವಾಹಿತನಾಗಿಯೇ ಹೊರಡಬೇಕು, ಕೆಲವು ವರ್ಷ ದುಡಿದು ಯೋಗ್ಯನೆನಿಸಿಕೊಳ್ಳಬೇಕು, ಆಮೇಲೆ ಬಾಸೆಲಿನ ಆಡಳಿತ ಸಮಿತಿಗೆ ಅರ್ಜಿ ಬರೆದುಕೊಳ್ಳಬೇಕು. ಸಮಿತಿ ಒಪ್ಪಿದರೆ ಅವನಿಗೆ ತಕ್ಕ ಹೆಣ್ಣನ್ನು ಊರಿನಲ್ಲಿ ಹುಡುಕುವುದೂ ಉಂಟು. ಒಂದೆರಡು ಕಾಗದಗಳ ಹೊರತು ಬೇರೆ ಪರಿಚಯವಿಲ್ಲದ ಗಂಡನನ್ನು ಹುಡುಕಿಕೊಂಡು ಹಡಗು ಹತ್ತಿದ ಹೆಣ್ಣುಮಕ್ಕಳು ಅನೇಕರು. ಭಾವಿ ಪತಿಯ ಮುಖವನ್ನು ಅವರು ಮೊದಲು ಕಂಡದ್ದು ಇಲ್ಲಿಯ ಕಡಲ ಕರೆಯಲ್ಲಿ. ನಮ್ಮ ಅಜ್ಜಿಯರ ಕಾಲದ ಮದುವೆಗಳನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸಲಾರದು. ಆದರೆ ನಮ್ಮ ಅಜ್ಜಿಗೆ ತವರು ಒಂದು ಗಾಡಿಯ ಪಯಣದಷ್ಟು ದೂರವಿತ್ತು. ಇವರಿಗೆ ನಡುವೆ ಸಮುದ್ರವಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವವರೆಗೆ ಆಫ್ರಿಕವನ್ನು ಸುತ್ತಿ ಬರುವ ಹಡಗಿಗೆ ತಿಂಗಳುಗಳೇ ಹಿಡಿಯುತ್ತಿದ್ದವು.

ಬಂದವರನ್ನು ಜ್ವರ, ಆಮಶಂಕೆ, ಬಾಣಂತಿಯ ಕಾಯಿಲೆಗಳು ಕಾದಿದ್ದವು. ಕಿಟ್ಟೆಲರು 1853ರಲ್ಲಿ ಇಲ್ಲಿಗೆ ಬಂದವರು. 1860ರಲ್ಲಿ ಪೌಲಿನೆ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿ ಕಿಟ್ಟೆಲರ ಕೈ ಹಿಡಿದರು. ಅಕ್ಕ ತೀರಿಕೊಂಡ ಮನೆಗೆ ತಂಗಿ ಹೊಕ್ಕು ಸಂಸಾರ ನಿಲ್ಲಿಸುವುದು ನಮ್ಮ ಹಳ್ಳಿಗಳಲ್ಲಿಯೂ ಕಂಡದ್ದೇ. ‘ಶಬ್ದಮಣಿದರ್ಪಣ’ದ ಸಂಪಾದನೆ 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ 1875ರಲ್ಲಿ, ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಹೊರಬಂದವು. ಈ ಇಸವಿಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. 1864 ಮತ್ತು 1867ನ್ನು ಮಾತ್ರ ಅವುಗಳ ಪಕ್ಕದಲ್ಲಿ ಬರೆದುಕೊಂಡಿಲ್ಲ.

ಮೋಗ್ಲಿಂಗರ ಕಥೆಯೂ ಹೀಗೆಯೇ. ಅವರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆ 1855ರಲ್ಲಿ ಕಾಲವಾದರು. ಅವರ ವಿಧವೆ ಪೌಲಿನೆಯನ್ನು ಮೋಗ್ಲಿಂಗರು ವರಿಸಿದರು. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟು ಇಬ್ಬರೂ ಜರ್ಮನಿಗೆ ಮರಳಬೇಕಾಯಿತು.

ಎಲ್ಲಕ್ಕಿಂತ ಕಠಿಣವಾದದ್ದು ಮಕ್ಕಳ ವಿಷಯ. ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬರುತ್ತಲೇ ಯುರೋಪಿಗೆ ಹೋಗಬೇಕೆಂದು ಸಮಿತಿ 1853ರಲ್ಲಿ ಗೊತ್ತುಮಾಡಿತು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆಯೊಂದು ಏರ್ಪಾಡಾಯಿತು. ಇಲ್ಲಿಯ ಹವೆ ಒಗ್ಗದು, ತಕ್ಕ ಶಾಲೆಯಿಲ್ಲ ಎಂಬುದು ಒಂದು ಕಾರಣ. ಆಯಾಗಳ ಮಡಿಲಲ್ಲಿ ಬೆಳೆದ ಮಕ್ಕಳು ಇಲ್ಲಿಯವರೇ ಆಗಿಬಿಟ್ಟಾರೆಂಬ ಅಂಜಿಕೆ ಇನ್ನೊಂದು. ಆರೇಳು ವರ್ಷದ ಕೂಸನ್ನು ಯಾರೋ ಪರಿಚಿತರ ಜೊತೆಗೆ ಹಡಗು ಹತ್ತಿಸಿ, ಮುಂದೆ ಹತ್ತು ವರ್ಷ ಅದರ ಮುಖ ಕಾಣದೆ, ಕಾಗದದಲ್ಲಿಯೇ ತಾಯಿತನ ನಡೆಸಬೇಕಾದ ಹೆಂಗಸರ ಸಂಕಟವನ್ನು ಯಾವ ವರದಿ ತಾನೆ ಪೂರ್ತಿಯಾಗಿ ಹೇಳೀತು?

ಮಂಗಳೂರಿಗೆ ತೆಂಕಣದಲ್ಲಿ, ಮಲಬಾರಿನ ತಲಚೇರಿಯಲ್ಲಿ, ಇದೇ ಮಿಶನ್ನಿನ ಹರ್ಮನ್ ಗುಂಡರ್ಟ್ ಇದ್ದರು. ಮಲಯಾಳಕ್ಕೆ ನಿಘಂಟು ಕೊಟ್ಟವರು. ಗಂಡನ ಮನೆಮಾತು ಜರ್ಮನ್, ಹೆಂಡತಿ ಜೂಲಿ ದ್ಯುಬುವಾ ಅವರದು ಫ್ರೆಂಚ್, ಅಂಗಳದ ಮಾತು ಮಲಯಾಳ. ಆಕೆ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದರು. ಆದರೆ 1842ರಲ್ಲಿ ಹುಟ್ಟಿದ ಸ್ವಂತ ಮಗಳು ಮರೀಯನ್ನು ಮೇಲಿನ ನಿಯಮ ಬರುವ ಮೊದಲೇ, ಚಿಕ್ಕಂದಿನಲ್ಲಿ, ಯುರೋಪಿನಲ್ಲಿ ಬಿಟ್ಟು ಬರಬೇಕಾಯಿತು. ಮರೀ ಭಾರತಕ್ಕೆ ಹಿಂದಿರುಗಿದ್ದು 1857ರಲ್ಲಿ. ಊರ ಹುಡುಗಿಯರಿಗೆ ಅಕ್ಷರ ಕಲಿಸುತ್ತಿದ್ದ ತಾಯಿಗೆ ತನ್ನ ಮಗಳು ಬೆಳೆದದ್ದನ್ನು ನೋಡುವ ಭಾಗ್ಯವಿರಲಿಲ್ಲ. ಈ ಮರೀಯೇ ಮುಂದೆ ಸಾಹಿತಿ ಹರ್ಮನ್ ಹೆಸ್ಸೆಯ ತಾಯಿಯಾದರು. ‘ಸಿದ್ಧಾರ್ಥ’ವನ್ನು 1922ರಲ್ಲಿ ಪ್ರಕಟಿಸಿ, 1946ರಲ್ಲಿ ನೊಬೆಲ್ ಬಹುಮಾನ ಪಡೆದ ಆ ಲೇಖಕನಿಗೆ ಭಾರತದ ಮೊದಲ ಪರಿಚಯ ಅಜ್ಜನ ಮನೆಯಲ್ಲಿಯೇ ಆಯಿತು.

ಅಗಲಿಕೆಯ ಬೆಲೆಯನ್ನು ಪರದೇಶದವರು ಮಾತ್ರ ತೆತ್ತರೆಂದರೆ ಅದು ಅರ್ಧಸತ್ಯ. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾದಾಗ ಊರೇ ಕಲಕಿಹೋಯಿತು. ಎಳೆಯ ವಯಸ್ಸಿನಲ್ಲೇ ಕೈಹಿಡಿದಿದ್ದ ಹೆಂಡತಿ ಅವರೊಡನೆ ಹೋಗಲಿಲ್ಲ. ಅವರು 1846ರಲ್ಲಿ ಮೋಗ್ಲಿಂಗರ ಸಂಗಡ ಬಾಸೆಲಿಗೆ ಹೋಗಿ, ಓದಿ, ಪಾದ್ರಿಯಾಗಿ ಮರಳಿದರು. ಮುಂದೆ ಜರ್ಮನಿಯ ಕನ್ಯೆಯೊಬ್ಬಳನ್ನು ಮದುವೆಯಾದರು. ಕೊಡಗಿನ ಆನಂದಪುರಕ್ಕೆ ಅವರದೇ ಹೆಸರು. ಆದರೆ ಮಂಗಳೂರಿನಲ್ಲಿ ಹಿಂದುಳಿದ ಆ ಹೆಣ್ಣುಮಗಳ ಪಾಡೂ, ಮಗನನ್ನು ಕಳೆದುಕೊಂಡೆವೆಂದು ಕೊರಗಿದ ಮನೆಯವರ ಪಾಡೂ ಈ ಚರಿತ್ರೆಯ ಭಾಗವೇ ಸರಿ.

1914ರಲ್ಲಿ ಯುದ್ಧ ಹತ್ತಿದಾಗ ಜರ್ಮನ್ ಪ್ರಜೆಗಳಾದ ಮಿಶನರಿಗಳು ಸರಕಾರದ ಕಣ್ಣಿಗೆ ಶತ್ರುಗಳಾದರು. ಗಂಡಸರಲ್ಲಿ ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟರು. ಬಳಿಕ ಸಂಸಾರ ಸಮೇತ ಹಲವರನ್ನು ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಊರಿಗೆ ಕಳಿಸಿದರು. ಎಂಬತ್ತು ವರ್ಷಗಳಿಂದ ನಡೆದುಬಂದ ಮನೆಗಳು ಹೀಗೆ ಬರಿದಾದವು.

ಇವರ ಬಾಳಿಗೂ ದಿಲ್ಲಿಯ ಕನ್ನಡಿಗರಾದ ನಮ್ಮ ಬಾಳಿಗೂ ಹೋಲಿಕೆ ಸಲ್ಲದೆಂದು ಕೆಲವರು ಹೇಳಿಯಾರು. ನಿಜ. ನಾವು ಬಂದದ್ದು ಹೊಟ್ಟೆಪಾಡಿಗೆ, ಸ್ವದೇಶದಲ್ಲಿಯೇ ಇದ್ದೇವೆ. ಸುಮಾರು ಎರಡು ದಿನ ರೈಲಿನಲ್ಲಿ ಕುಳಿತರೆ ಬೆಂಗಳೂರು. ಗುಂಡಿ ಒತ್ತಿದರೆ ಅಮ್ಮನ ಧ್ವನಿ. ಆದರೂ ಒಂದು ಮಾತನ್ನು ಅವರಿಂದ ಕಲಿಯಬಹುದು. ಅವರು ತಾವು ನಿಂತ ನೆಲದ ನುಡಿಯನ್ನು ಕೈಲಾದಷ್ಟಲ್ಲ, ಅದಕ್ಕೂ ಮೀರಿ ಕಲಿತರು. ಮುನಿರ್ಕಾದ ನಾವು ಹಿಂದಿಯನ್ನು ಅಂತಹ ಅಕ್ಕರೆಯಿಂದ ಕಲಿತೆವೆಯೇ, ಅಥವಾ ತರಕಾರಿ ಗಾಡಿಯ ಮುಂದೆ ಸಾಲುವಷ್ಟಕ್ಕೆ ನಿಲ್ಲಿಸಿದೆವೆಯೇ?

ಇನ್ನೊಂದು ಮಾತು ಮಕ್ಕಳದು. ನುಡಿಯ ಕೆಲಸಕ್ಕೆ ಕುಳಿತ ಆ ತಂದೆತಾಯಂದಿರಿಗೆ ಮಕ್ಕಳನ್ನು ಬಳಿಯಲ್ಲಿಟ್ಟುಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ನಮ್ಮ ಮಕ್ಕಳು ನಮ್ಮ ಕೂಡೆಯೇ ಉಣ್ಣುತ್ತಾರೆ, ನಮ್ಮ ಮಗ್ಗುಲಲ್ಲೇ ಮಲಗುತ್ತಾರೆ. ಆದರೆ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಇದಕ್ಕೆ ಯಾವ ಸಮಿತಿಯ ಅಪ್ಪಣೆಯೂ ಕಾರಣವಲ್ಲ. ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡುವುದಕ್ಕೆ ನಾವು ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ. ಈ ರಾಜ್ಯೋತ್ಸವದಿಂದ ಅಷ್ಟನ್ನಾದರೂ ಮನೆಮನೆಯಲ್ಲಿ ನಡೆಸೋಣ.