ಹಳೆ ಮನೆಯ ಅಡುಗೆಕೋಣೆ ನವೀಕರಣ: ಉಪ್ಪರಿಗೆಯ ಹಲಗೆ ಉಳಿಸಿಕೊಳ್ಳುವ ಬಗೆ

ಕಾಸರಗೋಡು, ಮಂಜೇಶ್ವರ ಭಾಗದ ಹಳೆಯ ಹಂಚಿನ ಮನೆಗಳಲ್ಲಿ ಗೋಡೆ ಮುರಕಲ್ಲಿನದು, ಉಪ್ಪರಿಗೆಯ ನೆಲ ಮರದ ಹಲಗೆಯದು. ಹಲಸು, ತೇಗ, ಕಿರಾಲುಬೋಗಿ ಮುಂತಾದ ಮರಗಳ ತೊಲೆ, ಹಲಗೆಗಳಿಂದ ಮಾಡಿದ ಈ ನೆಲವೇ ಕೆಳಗಿನ ಕೋಣೆಗೆ ಮುಚ್ಚಿಗೆ, ಮಲಯಾಳದಲ್ಲಿ ಮಚ್ಚ್. ಕೆಳಗೆ ಅಡುಗೆಕೋಣೆ ಹೊಸದಾದ ಕೆಲವು ವರ್ಷಗಳಲ್ಲಿ ಮೇಲಿನ ಹಲಗೆಗೆ ಹುಳ ಬೀಳುವುದುಂಟು.

ಕಾರಣವೇನು?

ಸೌದೆ ಒಲೆಯ ಬಿಸಿ ಮಳೆಗಾಲದಲ್ಲೂ ಮರವನ್ನು ಒಣಗಿಸಿಡುತ್ತಿತ್ತು, ಹೊಗೆ ಹುಳುಗಳನ್ನು ದೂರವಿಡುತ್ತಿತ್ತು. ಗ್ಯಾಸ್ ಒಲೆಯಲ್ಲಿ ಹೊಗೆಯಿಲ್ಲ. ಆದರೆ ಅಡುಗೆಯ ಹಬೆಯ ಜೊತೆಗೆ ಗ್ಯಾಸ್ ಉರಿದಾಗಲೂ ನೀರಾವಿ ಹುಟ್ಟುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಲ್ಲಿ ಈ ತೇವ ಮರದಲ್ಲೇ ನಿಲ್ಲುತ್ತದೆ. ಹೊಗೆ ಶ್ವಾಸಕೋಶಕ್ಕೆ ಕೆಡುಕು, ಹೋಗಲೇಬೇಕು. ಅದು ಮಾಡುತ್ತಿದ್ದ ಕೆಲಸವನ್ನು ಮಾತ್ರ ಬೇರೆ ದಾರಿಯಿಂದ ಮಾಡಬೇಕು.

ಅಡುಗೆಕೋಣೆಯಲ್ಲಿ

ಒಲೆಯ ಮೇಲೆ ಹಬೆಯನ್ನು ಹೊರಗೇ ಬಿಡುವ ಫ್ಯಾನ್ ಅಥವಾ ಚಿಮಣಿ ಇರಲಿ. ಹಳೆಯ ಗವಾಕ್ಷಿ ಮುಚ್ಚಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೂ ಗಾಳಿಕಿಂಡಿ ಬೇಕು. ನೀರಿನ ಪೈಪನ್ನು ತೊಲೆಯ ತುದಿ ಕೂತಿರುವ ಗೋಡೆಯೊಳಗೆ ಹಾಯಿಸಬಾರದು. ಮುರಕಲ್ಲು ನೀರು ಹೀರುತ್ತದೆ, ತೊಲೆ ಅಲ್ಲಿಂದಲೇ ಕೊಳೆಯುತ್ತದೆ.

ಮರದ ಪರೀಕ್ಷೆ

ತೊಲೆಯ ತುದಿಗೆ ಚೂರಿ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಕೊಳೆತಿದೆ ಎಂದರ್ಥ. ಆಚಾರಿಯನ್ನು ಕರೆಸದೆ ಮುಂದಿನ ಕೆಲಸ ಬೇಡ. ಮಣ್ಣಿನ ಗೆರೆ ಕಂಡರೆ ಗೆದ್ದಲು (ಮಲಯಾಳದಲ್ಲಿ ಚಿದಲ್). ಸಣ್ಣ ತೂತಿನಿಂದ ಹುಡಿ ಉದುರಿದರೆ ಕುಟ್ಟೆ ಹುಳ. ಗುಡಿಸಿದ ಮೇಲೂ ಹುಡಿ ಬೀಳುತ್ತಿದ್ದರೆ ಹುಳ ಒಳಗೆ ಇನ್ನೂ ಇರಬಹುದು.

ದುರಸ್ತಿ

ಡಿಸೆಂಬರಿನಿಂದ ಮಾರ್ಚ್ ತನಕ ಸೂಕ್ತ ಕಾಲ. ಹಲಗೆ ಕೀಳುವ ಮೊದಲು ಒಂದೊಂದಕ್ಕೂ ಸಂಖ್ಯೆ ಬರೆಯಿರಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣದಾಗಿ ಉಜ್ಜದೆ ನೀರು ಚಿಮುಕಿಸಿ ಕೆರೆಯಬೇಕು. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಅದೇ ಜಾತಿಯ ಹಳೆ ಮರ ಕೂಡಿಸಿ. ಬೇಸಿಗೆಯ ಬಿರುಕು ಮಳೆಗಾಲದಲ್ಲಿ ತಾನಾಗಿ ಕೂಡುತ್ತದೆ, ತುಂಬಿಸುವುದು ಬೇಡ.

ತೊಲೆಯ ತುದಿ ಮತ್ತು ಅಡಿಭಾಗಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ಇಲ್ಲಿನ ರೂಢಿ. ಅದು ಚರ್ಮ ಸುಡುತ್ತದೆ. ಕೈಗವಸು ಬೇಕು, ಬರಿಗಾಲಲ್ಲಿ ನಡೆಯುವ ಮೇಲ್ಮೈಗೆ ಸಲ್ಲದು. ಮೇಲ್ಮೈಗೆ ಕುದಿಸಿದ ಅಗಸೆ ಎಣ್ಣೆ ತೆಳುವಾಗಿ ಸಾಕು. ಒರೆಸಿದ ಬಟ್ಟೆಯನ್ನು ಗುಡ್ಡೆ ಹಾಕಿದರೆ ತಾನಾಗಿ ಬೆಂಕಿ ಹೊತ್ತಬಹುದು. ಬಿಡಿಸಿ ಹೊರಗೆ ಒಣಗಿಸಿ.

ಮಾಡಬಾರದ್ದು

ಹಲಗೆಯ ಮೇಲೆ ಸಿಮೆಂಟು, ಟೈಲ್ಸ್ ಬೇಡ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ ಒಂದಂಗುಲ ಸಿಮೆಂಟು ಹಾಕಿದರೆ ಸುಮಾರು ಅರ್ಧ ಟನ್ ಭಾರ. ಅಡಿಯ ಮರ ಕೊಳೆತರೂ ಕಣ್ಣಿಗೆ ಬೀಳುವುದಿಲ್ಲ, ಕುಸಿದಾಗಲೇ ತಿಳಿಯುವುದು.